ಎರಡು ಗೇಣಿನ ಹಾವು, ಮೂರು ಹೆಸರು: ಕೊಡಚಾದ್ರಿ ಹಾದಿಯ ಒಂದು ಪ್ರಕರಣ

ಈ ಪ್ರಕರಣವನ್ನು ಅಭ್ಯಾಸಕ್ಕೆಂದು ಕಟ್ಟಿಕೊಂಡಿದ್ದೇವೆ. ಹಾದಿ, ಹಾವು, ಕಡಿತದ ಪರಿಣಾಮ, ಚಿಕಿತ್ಸೆಯ ಕ್ರಮ ಎಲ್ಲವೂ ಮಲೆನಾಡಿನಲ್ಲಿ ಇರುವಂಥವೇ. ಜನ ಮಾತ್ರ ಯಾರಾದರೂ ಆಗಬಹುದು. ಹಾವಿನ ಗುರುತು ಹಿಡಿಯುವ ವಿಚಾರದಲ್ಲಿ ಚಾರಣಿಗರು ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೋ ಅವೇ ಜಾಗಗಳಲ್ಲಿ ಈ ತಂಡವೂ ಎಡವುತ್ತದೆ.

ಸಂದರ್ಭ

ಅಕ್ಟೋಬರ್ ಎರಡನೇ ವಾರ. ಮೂಕಾಂಬಿಕಾ ವನ್ಯಜೀವಿಧಾಮದೊಳಗಿನ ಕೊಡಚಾದ್ರಿಯ ತುದಿ 1343 ಮೀಟರ್ ಎತ್ತರದಲ್ಲಿದೆ. ತುದಿ ನೋಡಿಕೊಂಡು ಹಿಡ್ಲುಮನೆ ಜಲಪಾತದ ಕಡೆ ಇಳಿಯುತ್ತಿರುವ ತಂಡದಲ್ಲಿ ಬೆಂಗಳೂರಿನ ಐವರು, ಜೊತೆಗೆ ಊರಿನ ಒಬ್ಬ ಗೈಡ್. ಮಧ್ಯಾಹ್ನ ಒಂದು ಹದ ಮಳೆ ಬಿದ್ದು ನಿಂತಿದೆ. ಹಳ್ಳದ ಪಕ್ಕದ ದಾರಿ, ಮೇಲೆ ಮರದ ಚಪ್ಪರ, ಕೆಳಗೆ ನಾಲ್ಕು ಬೆರಳು ದಪ್ಪದ ಒದ್ದೆ ತರಗೆಲೆ. ಇಂಬಳದ ಕಾಟ ಜೋರು.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಂದು ಪೊದೆಯ ಮೇಲೆ ಹಸಿರು ಹಾವೊಂದು ಸಿಕ್ಕಿತ್ತು. ಸಪೂರ ಮೈ, ಕೊಕ್ಕಿನಂತೆ ಚೂಪಾದ ಮೂತಿ, ಕಣ್ಣಿನ ಪಾಪೆ ಅಡ್ಡಗೆರೆಯ ಹಾಗೆ. ಅದನ್ನು ಹಸಿರು ಬಳ್ಳಿ ಹಾವು ಎಂದು ತಂಡದವರೇ ಗುರುತಿಸಿದ್ದರು. ಆ ಗುರುತು ಸರಿಯೇ ಇತ್ತು. ನಮ್ಮ ನಾಡಿನ ಹಾವುಗಳಲ್ಲಿ ಅಡ್ಡಪಾಪೆ ಬಳ್ಳಿ ಹಾವುಗಳ ಬಳಗಕ್ಕೆ ಮಾತ್ರ ಇರುವುದು. ಪಶ್ಚಿಮ ಘಟ್ಟದಲ್ಲಿ ಒಂದೇ ಜಾತಿ ಎಂದುಕೊಂಡಿದ್ದ ಈ ಬಳ್ಳಿ ಹಾವನ್ನು 2020ರಲ್ಲಿ ಹಲವು ಜಾತಿಗಳಾಗಿ ವಿಂಗಡಿಸಿದ್ದಾರೆ, ಆದರೆ ಹಾದಿಯಲ್ಲಿ ನಿಂತವರಿಗೆ ಅಷ್ಟು ದೂರ ಹೋಗಬೇಕಾದ ಅಗತ್ಯವಿಲ್ಲ. ಒಂದು ಹಾವನ್ನು ಸರಿಯಾಗಿ ಗುರುತಿಸಿದ ಧೈರ್ಯ ಸಂಜೆಯ ಹೊತ್ತಿಗೆ ತಂಡದ ಜೊತೆಗೇ ಇಳಿದು ಬಂದಿತ್ತು.

ಸಂಜೆ 5:10. ಮೂವತ್ತೆರಡು ವರ್ಷದ ಒಬ್ಬ ಯುವಕ ಕಾಲಿನ ಇಂಬಳ ಕೀಳಲು ಹಾದಿಯ ಅಂಚಿನ ಮರದ ಬೇರಿನ ಮೇಲೆ ಕುಳಿತ. ಬಲಗೈಯಲ್ಲಿ ಕಾಲುಚೀಲ ಬಿಡಿಸುತ್ತಾ, ಸಮತೋಲಕ್ಕೆಂದು ಎಡಗೈಯನ್ನು ಹಿಂದಕ್ಕೆ ಚಾಚಿ ತರಗೆಲೆಯೊಳಗೆ ಊರಿದ. ಮುಳ್ಳು ಚುಚ್ಚಿದ ಹಾಗಾಯಿತು. ಕೈ ಎಳೆದುಕೊಂಡು ನೋಡಿದರೆ ಕಿರುಬೆರಳಿನ ಬುಡದಲ್ಲಿ ಒಂದು ಸಣ್ಣ ತೂತು, ಅದರಿಂದ ಒಂದು ಹನಿ ರಕ್ತ. ಪಕ್ಕದಲ್ಲಿ ನಿಂತಿದ್ದವಳಿಗೆ ಎಲೆಗಳ ನಡುವೆ ಎಲೆಯದೇ ಬಣ್ಣದ ಒಂದು ಸುರುಳಿ ಕಂಡಿತು. ಅದು ಓಡಲಿಲ್ಲ. ತಲೆ ಮೇಲಕ್ಕೆತ್ತಿ, ಬಾಲದ ತುದಿಯನ್ನು ನಡುಗಿಸುತ್ತಾ ಅಲ್ಲೇ ಇತ್ತು.

ಮೊದಲ ಐದು ನಿಮಿಷ

ಗೈಡ್ ಕೂಗಿದ್ದು ಇಷ್ಟು: "ಅಲ್ಲಾಡ್ಬೇಡಿ, ಹಾಗೇ ಹಿಂದೆ ಬನ್ನಿ. ಕೋಲು ಬೇಡ, ಕೋಲು ಬೇಡ."

ಕೋಲು ಎತ್ತಿದ್ದವನು ಇಳಿಸಿದ. ಇಡೀ ಪ್ರಕರಣದಲ್ಲಿ ಸರಿಯಾಗಿ ನಡೆದ ಕೆಲಸಗಳಲ್ಲಿ ಇದು ಮೊದಲನೆಯದು, ಬಹುಶಃ ಅತಿ ದೊಡ್ಡದು. ಹಾವನ್ನು ಹೊಡೆಯಲೋ ಹಿಡಿಯಲೋ ಹೋದರೆ ಕಚ್ಚಿಸಿಕೊಂಡವರ ಸಂಖ್ಯೆ ಒಂದರಿಂದ ಎರಡಾಗುತ್ತದೆ. ಸತ್ತ ಹಾವನ್ನು ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಒಯ್ಯುವುದೂ ಬೇಡ. ಹಾವಿನ ತಲೆ ಕತ್ತರಿಸಿದ ಮೇಲೂ ಸ್ವಲ್ಪ ಹೊತ್ತು ಕಚ್ಚಬಲ್ಲದು, ವೈದ್ಯರಿಗೆ ಅದು ಬೇಕಾಗಿಯೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಇದೆ, ವನ್ಯಜೀವಿಧಾಮದೊಳಗಂತೂ ಅದರ ಬಿಗಿ ಇನ್ನೂ ಹೆಚ್ಚು.

ಎಲ್ಲರೂ ಮೂರು ಮೀಟರ್ ಹಿಂದಕ್ಕೆ ಬಂದರು. ಇಷ್ಟು ಸಣ್ಣ ಹಾವು ತನ್ನ ಉದ್ದದ ಅರ್ಧದಷ್ಟು ದೂರಕ್ಕೆ ಎರಗಬಹುದು, ಅಂದರೆ ಒಂದು ಗೇಣು. ಹಾಗಿರುವಾಗ ಮೂರು ಮೀಟರ್ ಯಾಕೆ? ಒಂದು ಹಾವು ಕಂಡ ತರಗೆಲೆಯಲ್ಲಿ ಇನ್ನೊಂದು ಕಾಣದೆ ಇರಬಹುದು, ಕಾಲು ಜಾರಬಹುದು, ಹಿಂದೆ ಸರಿಯುವಾಗ ಒಬ್ಬರಿಗೊಬ್ಬರು ತಾಗಿ ಬೀಳಬಹುದು. ಅಂತರ ಇಡುವುದು ಹಾವಿನ ವೇಗಕ್ಕಿಂತ ಹೆಚ್ಚಾಗಿ ನಮ್ಮ ಗಾಬರಿಯ ಲೆಕ್ಕಕ್ಕೆ. ಕಾಳಿಂಗ, ನಾಗರ, ದೊಡ್ಡ ಕೊಳಕುಮಂಡಲ ಎದುರಾದರೆ ಐದು ಮೀಟರಿಗೂ ಹೆಚ್ಚು ಬಿಡಬೇಕು.

ಎರಡನೇ ಸರಿಯಾದ ಕೆಲಸ: ಒಬ್ಬ ಸ್ನೇಹಿತೆ ಕಚ್ಚಿಸಿಕೊಂಡವನ ಎಡಗೈ ಉಂಗುರವನ್ನು ಕೂಡಲೇ ತೆಗೆದಳು. ಗಡಿಯಾರ, ಕೈದಾರ ಕೂಡ. ಮಂಡಲ ಜಾತಿಯ (ಇಂಗ್ಲಿಷಿನ ವೈಪರ್) ಹಾವು ಕಚ್ಚಿದ ಕೈ ಅರ್ಧ ಗಂಟೆಯೊಳಗೆ ಊದಿಕೊಳ್ಳಲು ಶುರುವಾಗುತ್ತದೆ. ಊದಿದ ಮೇಲೆ ಉಂಗುರ ಬಾರದು, ಬೆರಳಿಗೆ ರಕ್ತ ಹರಿಯುವುದು ನಿಲ್ಲುತ್ತದೆ. ಇಲ್ಲಿ ಅದನ್ನು ಎರಡನೇ ನಿಮಿಷದಲ್ಲೇ ಮಾಡಿದ್ದರಿಂದ ಮುಂದೆ ಉಂಗುರ ಕತ್ತರಿಸುವ ಪ್ರಸಂಗ ಬರಲಿಲ್ಲ.

ತಪ್ಪಾಗಿದ್ದೂ ಇದೇ ಐದು ನಿಮಿಷದಲ್ಲಿ. ಒಬ್ಬ ಕರವಸ್ತ್ರದಿಂದ ಮಣಿಕಟ್ಟಿನ ಮೇಲೆ ಬಿಗಿಯಾಗಿ ಕಟ್ಟಿದ. ಗೈಡ್ ಬಿಚ್ಚಿಸಿದರು. ಬಿಗಿಕಟ್ಟು ವಿಷವನ್ನು ಒಂದೇ ಕಡೆ ಹಿಡಿದಿಟ್ಟು ಅಲ್ಲಿನ ಮಾಂಸವನ್ನು ಕೆಡಿಸುತ್ತದೆ. ಕಟ್ಟಿ ಬಹಳ ಹೊತ್ತಾದ ಮೇಲೆ ಥಟ್ಟನೆ ಬಿಚ್ಚಿದರೆ ಹಿಡಿದಿಟ್ಟ ವಿಷವೆಲ್ಲ ಒಂದೇ ಸಲ ಮೈಗೇರುತ್ತದೆ. ಇಲ್ಲಿ ಒಂದು ನಿಮಿಷವೂ ಆಗಿರಲಿಲ್ಲವಾದ್ದರಿಂದ ಬಿಚ್ಚಿದ್ದು ಸರಿ. ಗಂಟೆಗಟ್ಟಲೆ ಕಟ್ಟಿಕೊಂಡೇ ಬಂದವರ ಕಟ್ಟನ್ನು ಆಸ್ಪತ್ರೆಯಲ್ಲಿ ವೈದ್ಯರ ಎದುರಿಗೇ ಬಿಚ್ಚಬೇಕು.

ಮೂರು ಫೋಟೊ

ಫೋನಿನ ಜೂಮ್ ಬಳಸಿ ಎರಡೂವರೆ ಮೀಟರ್ ದೂರದಿಂದ ಮೂರು ಫೋಟೊ ತೆಗೆದರು. ಎಲೆ ಸರಿಸಲಿಲ್ಲ, ಹಾವಿನ ಪಕ್ಕ ಅಳತೆಗೆಂದು ನಾಣ್ಯವೋ ಪೆನ್ನೋ ಇಡಲು ಹೋಗಲಿಲ್ಲ. ಒಂದೂವರೆ ನಿಮಿಷಕ್ಕಿಂತ ಹೆಚ್ಚು ಇದಕ್ಕೆ ಕೊಡಲೂ ಇಲ್ಲ.

ಮೊದಲನೆಯದು ಕೆಲಸಕ್ಕೆ ಬಾರದ್ದು. ಮಬ್ಬು ಬೆಳಕಿನಲ್ಲಿ ಕೈ ನಡುಗಿ ಚಿತ್ರ ಕಲಸಿಹೋಗಿದೆ. ಎರಡನೆಯದು ಮೇಲಿನಿಂದ ತೆಗೆದದ್ದು: ಸುರುಳಿ, ಬೆನ್ನಿನ ಮಚ್ಚೆಗಳು, ತಲೆಯ ಮೇಲ್ಭಾಗ. ಮೂರನೆಯದು ಬಗ್ಗಿ, ಫೋನನ್ನು ಮೊಣಕಾಲಿಗೆ ಆನಿಸಿ ಪಕ್ಕದಿಂದ ತೆಗೆದದ್ದು: ಮೂತಿ, ಕಣ್ಣು, ಕೆನ್ನೆ. ಈ ಎರಡನೆಯದೂ ಮೂರನೆಯದೂ ಸೇರಿದರೆ ಮಾತ್ರ ಹಾವಿಗೆ ಹೆಸರು ಹೇಳಲಾಗುತ್ತದೆ, ಒಂದೊಂದೇ ಸಾಲದು. ಬೆನ್ನು ಕಾಣದ ತಲೆ, ತಲೆ ಕಾಣದ ಬೆನ್ನು ಎರಡೂ ಅರೆಬರೆ. ಒಂದೇ ಫೋಟೊ ಸಿಗುವ ಹಾಗಿದ್ದರೆ ಪಕ್ಕದಿಂದ ತಲೆಯದು ತೆಗೆಯಿರಿ. ಅದೂ ಆಗದಿದ್ದರೆ ಹತ್ತು ಸೆಕೆಂಡಿನ ವಿಡಿಯೊ ಸಾಕು, ಆಮೇಲೆ ಅದರೊಳಗಿನ ಒಳ್ಳೆಯ ಚಿತ್ರವನ್ನು ಹೆಕ್ಕಬಹುದು.

ಉದ್ದದ ಅಂದಾಜನ್ನು ಹಾವು ಕೂತಿದ್ದ ಎಲೆಗಳಿಂದ ಮಾಡಬಹುದು. ಅದೇ ಮರದ ಎಲೆಯೊಂದನ್ನು ದೂರದಲ್ಲಿ ಎತ್ತಿಕೊಂಡು ಗೇಣಿನಲ್ಲಿ ಅಳೆದರೆ ಆಯಿತು. ಇಲ್ಲಿ ಹಾವು ಎರಡು ಗೇಣಿಗೆ ಸ್ವಲ್ಪ ಕಡಿಮೆ, ಹೆಚ್ಚೆಂದರೆ 40 ಸೆಂಟಿಮೀಟರ್. ದಪ್ಪ ಗಂಡಸಿನ ಹೆಬ್ಬೆರಳಿನಷ್ಟು.

ಮೊದಲ ಹೆಸರು: "ಕೊಳಕುಮಂಡಲದ ಮರಿ"

ಹೀಗೆ ಹೇಳಿದವನಿಗೆ ಕಾರಣಗಳಿದ್ದವು. ಕಂದು ಮೈ, ಬೆನ್ನ ಮೇಲೆ ಕಪ್ಪು ಕಂದಿನ ಮಚ್ಚೆ, ತ್ರಿಕೋನದ ತಲೆ, ಗಿಡ್ಡ ಬಾಲ. ಕೊಳಕುಮಂಡಲ ಮೊಟ್ಟೆಯಿಡುವ ಹಾವಲ್ಲ, ಮರಿ ಹಾಕುತ್ತದೆ. ಮಳೆಗಾಲದ ಆಸುಪಾಸಿನಲ್ಲಿ ಹುಟ್ಟಿದ ಮರಿ ಅಕ್ಟೋಬರಿನ ಹೊತ್ತಿಗೆ ಇಷ್ಟೇ ಉದ್ದ ಇರಬಹುದು. ಹಾಗಾಗಿ ಗಾತ್ರವನ್ನು ನೋಡಿ ಇದನ್ನು ತಳ್ಳಿಹಾಕಲಾಗದು.

ಆದರೆ ಎರಡನೇ ಫೋಟೊ ಬೇರೆ ಮಾತು ಹೇಳುತ್ತದೆ. ಕೊಳಕುಮಂಡಲದ ಬೆನ್ನಿನಲ್ಲಿ ಮಚ್ಚೆಗಳ ಮೂರು ಸಾಲು ಇರುತ್ತವೆ: ನಡುಬೆನ್ನಿನಲ್ಲಿ ಒಂದು, ಎರಡು ಪಕ್ಕೆಗಳಲ್ಲಿ ಒಂದೊಂದು. ನಡುಸಾಲಿನ ಮಚ್ಚೆಗಳು ಅಂಡಾಕಾರ, ಸರಪಳಿಯ ಕೊಂಡಿಗಳಂತೆ ಒಂದರ ಹಿಂದೊಂದು. ಪ್ರತಿ ಮಚ್ಚೆಗೂ ಕಪ್ಪು ಅಂಚು, ಅದರ ಹೊರಗೆ ತೆಳುವಾದ ಬಿಳಿ ಅಂಚು. ಮರಿಯಲ್ಲಿ ಈ ನಕ್ಷೆ ದೊಡ್ಡದಕ್ಕಿಂತಲೂ ಚೊಕ್ಕವಾಗಿರುತ್ತದೆ. ಈ ಫೋಟೊದಲ್ಲಿರುವುದು ಎರಡು ಸಾಲು. ಬೆನ್ನುಗೆರೆಯ ಎಡಕ್ಕೂ ಬಲಕ್ಕೂ ತ್ರಿಕೋನದ ಹಾಗಿರುವ ಮಸುಕು ಮಚ್ಚೆಗಳು, ಕೆಲವು ಎದುರುಬದುರಾಗಿ, ಕೆಲವು ಹೆಜ್ಜೆ ಹಾಕಿದಂತೆ ಹಿಂದುಮುಂದಾಗಿ. ಬಿಳಿ ಅಂಚಿಲ್ಲ.

ಮೂತಿಯೂ ಹೊಂದುವುದಿಲ್ಲ. ಕೊಳಕುಮಂಡಲದ ಮೂತಿ ಮೊಂಡು, ಮೂಗಿನ ಹೊಳ್ಳೆ ದೊಡ್ಡದು. ಕೆಣಕಿದರೆ ಕುಕ್ಕರಿನಿಂದ ಆವಿ ಬಿಟ್ಟ ಹಾಗೆ ಉದ್ದಕ್ಕೆ ಬುಸುಗುಡುತ್ತದೆ, ಮರಿ ಕೂಡ. ಈ ಹಾವು ಸದ್ದೇ ಮಾಡಲಿಲ್ಲ. ಜಾಗವೂ ಅನುಮಾನ ಹುಟ್ಟಿಸಬೇಕಿತ್ತು. ಕೊಳಕುಮಂಡಲ ಗದ್ದೆ, ಬೇಣ, ಹುಲ್ಲುಗಾವಲು, ಕುರುಚಲು ಇರುವ ತೆರೆದ ಜಾಗದ ಹಾವು. ದಟ್ಟ ಕಾಡಿನ ಹಳ್ಳದ ಪಕ್ಕ ಅದು ಸಿಗುವ ಸಾಧ್ಯತೆ ಬಹಳ ಕಡಿಮೆ. ಜಾಗವೊಂದನ್ನೇ ನೋಡಿ ಹೆಸರಿಡಬಾರದು, ಆದರೆ ನೀವು ಇಟ್ಟ ಹೆಸರಿಗೂ ಜಾಗಕ್ಕೂ ತಾಳೆಯಾಗದಿದ್ದರೆ ಮತ್ತೊಮ್ಮೆ ನೋಡಬೇಕು.

ಎರಡನೇ ಹೆಸರು: "ಬೆಕ್ಕುಕಣ್ಣಿನ ಹಾವು, ಏನೂ ಆಗಲ್ಲ"

ಇದು ಹೆಚ್ಚು ಅಪಾಯದ ತಪ್ಪು. ಹೇಳಿದವಳು ಸ್ವಲ್ಪ ಓದಿಕೊಂಡವಳೇ. ತ್ರಿಕೋನ ತಲೆಯ ಹಾವೆಲ್ಲ ವಿಷದ್ದಲ್ಲ, ಬೆಕ್ಕುಕಣ್ಣಿನ ಹಾವಿಗೂ ಅಂಥ ತಲೆಯೇ ಇರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅಲ್ಲಿಯವರೆಗೆ ಸರಿ. ಆಮೇಲೆ ಎರಡನೇ ಫೋಟೊವನ್ನು ದೊಡ್ಡದು ಮಾಡಿ ತಲೆಯ ಮೇಲೆ ದೊಡ್ಡ ಹುರುಪೆಗಳಿರುವುದನ್ನು ತೋರಿಸಿದಳು. "ಮಂಡಲದ ಹಾವಿಗೆ ತಲೆ ಮೇಲೆಲ್ಲ ಚಿಕ್ಕ ಚಿಕ್ಕ ಹುರುಪೆ ಇರತ್ತೆ ಕಣೋ, ಇದಕ್ಕೆ ನೋಡು, ತಗಡಿನ ಥರ ದೊಡ್ಡದು."

ಅವಳು ನೋಡಿದ್ದು ನಿಜ. ನಿಯಮ ಅರ್ಧ ನಿಜ. ಕೊಳಕುಮಂಡಲ, ಗರಗಸ ಮಂಡಲ, ಹಸಿರು ಗುಳಿಮಂಡಲಗಳ ತಲೆಯ ಮೇಲೆ ಅಕ್ಕಿಕಾಳಿನಂಥ ಸಣ್ಣ ಹುರುಪೆಗಳೇ ಇರುವುದು. ಆದರೆ ನಮ್ಮ ಘಟ್ಟದಲ್ಲಿ ಒಂದು ಮಂಡಲದ ಹಾವು ಈ ನಿಯಮದ ಹೊರಗಿದೆ. ಅದರ ಮೂತಿಯ ಮೇಲೆ ಸಣ್ಣ ಹುರುಪೆ, ಕಣ್ಣಿನ ಮೇಲಿನಿಂದ ಹಿಂದಕ್ಕೆ ದೊಡ್ಡ, ಜೋಡಿಯಾದ ಫಲಕಗಳು. ಈ ಹಾವನ್ನು ಅರಿಯದವರಿಗೆ "ದೊಡ್ಡ ಹುರುಪೆ ಎಂದರೆ ವಿಷವಿಲ್ಲ" ಎಂಬ ನಿಯಮ ನೇರವಾಗಿ ಗುಂಡಿಗೆ ದಾರಿ. ನಾಗರ, ಕಟ್ಟುಹಾವು, ಕಾಳಿಂಗದ ತಲೆಯ ಮೇಲೂ ದೊಡ್ಡ ಫಲಕಗಳೇ ಇರುವುದನ್ನು ನೆನಪಿಸಿಕೊಂಡರೆ ಸಾಕು, ಈ ನಿಯಮವನ್ನು ಚಾರಣಿಗರು ಪೂರ್ತಿ ಮರೆಯುವುದೇ ಒಳ್ಳೆಯದು.

ಬೆಕ್ಕುಕಣ್ಣಿನ ಹಾವಿಗೆ ಬೇರೆ ಗುರುತುಗಳಿವೆ. ತಲೆಗೆ ಹೋಲಿಸಿದರೆ ಕಣ್ಣು ಬಹಳ ದೊಡ್ಡದು, ಮೂತಿ ದುಂಡು, ಕುತ್ತಿಗೆ ದಾರದಷ್ಟು ಸಪೂರ, ಮೈ ಪಕ್ಕದಿಂದ ಒತ್ತಿದ ಹಾಗೆ, ಬಾಲ ನೀಳ. ಇಲ್ಲಿರುವುದು ಗಿಡ್ಡ, ಗುಂಡುಮೈಯ ಹಾವು.

ಮೂರನೇ ಫೋಟೊ ಹೇಳಿದ ಹೆಸರು

ಪಕ್ಕದ ಚಿತ್ರವನ್ನು ದೊಡ್ಡದು ಮಾಡಿ ಮೂತಿಯಿಂದ ಶುರು ಮಾಡೋಣ. ಮೂತಿಯ ತುದಿ ಚೂಪಾಗಿ ಮೇಲಕ್ಕೆ ತಿರುಗಿದೆ, ಹಂದಿಯ ಮೂತಿಯನ್ನು ಪಕ್ಕದಿಂದ ನೋಡಿದ ಹಾಗೆ. ತುದಿಯಲ್ಲಿ ಸಣ್ಣ ಗುಬುಟು. ಮೂಗಿನ ಹೊಳ್ಳೆಗೂ ಕಣ್ಣಿಗೂ ನಡುವೆ, ಹೊಳ್ಳೆಗಿಂತ ದೊಡ್ಡದಾದ ಇನ್ನೊಂದು ಗುಂಡಿ. ಇದೇ ಗುಳಿ. ಬಿಸಿರಕ್ತದ ಪ್ರಾಣಿಯ ಮೈಕಾವನ್ನು ಕತ್ತಲಲ್ಲೂ ಅರಿಯುವ ಅಂಗ. ಹೊಳ್ಳೆ, ಗುಳಿ, ಕಣ್ಣು ಒಂದರ ಹಿಂದೊಂದು ಕಂಡವೆಂದರೆ ಅದು ಗುಳಿಮಂಡಲದ ಬಳಗದ್ದೇ. ಕೊಳಕುಮಂಡಲಕ್ಕೂ ಗರಗಸ ಮಂಡಲಕ್ಕೂ ಈ ಗುಳಿ ಇಲ್ಲ, ವಿಷವಿಲ್ಲದ ಯಾವ ಕಾಡುಹಾದಿಯ ಹಾವಿಗೂ ಈ ಜಾಗದಲ್ಲಿ ಇಂಥ ಒಂಟಿ ಗುಳಿ ಇಲ್ಲ. ಹೆಬ್ಬಾವಿಗೆ ತುಟಿಯ ಹುರುಪೆಗಳಲ್ಲಿ ಸಾಲಾಗಿ ಸಣ್ಣ ಗುಳಿಗಳಿರುತ್ತವೆ, ಅದು ಬೇರೆ.

ಕೆನ್ನೆ ಗಾಢ ಕಂದು, ಅದರ ಮೇಲಂಚಿಗೆ ಕಣ್ಣಿನಿಂದ ಕುತ್ತಿಗೆಯ ಕಡೆ ಒಂದು ತೆಳು ಬೆಳ್ಳಗಿನ ಗೆರೆ. ಬಾಲದ ತುದಿ ಹಳದಿ ಛಾಯೆ. ಎರಡು ಸಾಲು ತ್ರಿಕೋನ ಮಚ್ಚೆ, ತಲೆಯ ಹಿಂಭಾಗದ ದೊಡ್ಡ ಫಲಕ, 40 ಸೆಂಟಿಮೀಟರ್ ಉದ್ದ, ತರಗೆಲೆಯಲ್ಲಿ ಅಲುಗದೆ ಕೂರುವ ಗುಣ. ಎಲ್ಲವೂ ಒಂದೇ ಹಾವಿಗೆ ಸೇರುತ್ತವೆ: ಗೂನುಮೂಗಿನ ಗುಳಿಮಂಡಲ. ಇಂಗ್ಲಿಷಿನಲ್ಲಿ ಹಂಪ್ ನೋಸ್ಡ್ ಪಿಟ್ ವೈಪರ್, ವಿಜ್ಞಾನದ ಹೆಸರು ಹಿಪ್ನಾಲೆ ಹಿಪ್ನಾಲೆ. ಪಶ್ಚಿಮ ಘಟ್ಟದಲ್ಲೂ ಶ್ರೀಲಂಕಾದಲ್ಲೂ ಇದೆ. ಅಡಿಕೆ, ಕಾಫಿ, ರಬ್ಬರ್ ತೋಟದ ತರಗಿನಲ್ಲೂ ಇರುತ್ತದೆ. ಸಾಮಾನ್ಯವಾಗಿ 30ರಿಂದ 45 ಸೆಂಟಿಮೀಟರ್, ಅರ್ಧ ಮೀಟರ್ ದಾಟುವುದು ಅಪರೂಪ. ಅಂದರೆ ತಂಡ "ಮರಿ" ಎಂದುಕೊಂಡದ್ದು ಪೂರ್ತಿ ಬೆಳೆದ ಹಾವು.

ಇದೇ ಹಳ್ಳದ ಬದಿಯಲ್ಲಿ ಸಿಗುವ ಇನ್ನೊಂದು ಗುಳಿಮಂಡಲ ಮಲಬಾರ್ ಪಿಟ್ ವೈಪರ್. ಬಂಡೆಯ ಮೇಲೆ, ಸೊಂಟದೆತ್ತರದ ಕೊಂಬೆಯ ಮೇಲೆ ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕೂತಿರುತ್ತದೆ. ಹಸಿರು, ಹಳದಿ, ಕಂದು, ಕಿತ್ತಳೆ, ಎಲ್ಲ ಬಣ್ಣಗಳಲ್ಲೂ ಬರುತ್ತದೆ. ಬಣ್ಣವನ್ನು ನಂಬಿ ಹಾವು ಗುರುತಿಸುವವರು ಈ ಒಂದು ಜಾತಿಯನ್ನು ನಾಲ್ಕು ಹಾವು ಎಂದುಕೊಳ್ಳುತ್ತಾರೆ. ಬೆಳಿಗ್ಗೆ ಕಂಡ ಹಸಿರು ಬಳ್ಳಿ ಹಾವಿಗೂ ಹಸಿರು ಗುಳಿಮಂಡಲಕ್ಕೂ ಬಣ್ಣವೊಂದು ಬಿಟ್ಟು ಬೇರೇನೂ ಸಮವಿಲ್ಲ: ಒಂದು ಬಳ್ಳಿಯಷ್ಟು ಸಪೂರ, ಇನ್ನೊಂದರ ಕುತ್ತಿಗೆಗಿಂತ ತಲೆ ಎರಡು ಪಟ್ಟು ಅಗಲ. ಆದರೂ "ಹಸಿರು ಹಾವು ಪಾಪದ್ದು" ಎಂದು ಕೊಂಬೆ ಹಿಡಿಯುವವರಿದ್ದಾರೆ.

ಹಾದಿಯಲ್ಲಿ ನಂಬಬಾರದ ಗುರುತುಗಳು

ಕಣ್ಣಿನ ಪಾಪೆ. ಉದ್ದಗೆರೆಯ ಪಾಪೆ ಇದ್ದರೆ ವಿಷ, ದುಂಡಗಿದ್ದರೆ ವಿಷವಿಲ್ಲ ಎಂಬುದು ಅಮೆರಿಕದ ಹಾವುಗಳನ್ನು ನೋಡಿ ಹುಟ್ಟಿದ ಮಾತು. ನಮ್ಮಲ್ಲಿ ನಾಗರ, ಕಾಳಿಂಗ, ಕಟ್ಟುಹಾವುಗಳ ಪಾಪೆ ದುಂಡು. ಹೆಬ್ಬಾವು, ಬೆಕ್ಕುಕಣ್ಣಿನ ಹಾವುಗಳದ್ದು ಉದ್ದಗೆರೆ. ಸಾಲದ್ದಕ್ಕೆ ಸಂಜೆಯ ಮಬ್ಬಿನಲ್ಲಿ ಉದ್ದಪಾಪೆಯೂ ಅರಳಿ ದುಂಡಗೆ ಕಾಣುತ್ತದೆ. ಈ ಪ್ರಕರಣದ ಮೂರನೇ ಫೋಟೊದಲ್ಲಿ ಆದದ್ದೂ ಅದೇ.

ಹಲ್ಲಿನ ಗುರುತು. ಎರಡು ತೂತಿದ್ದರೆ ವಿಷದ ಹಾವು ಎನ್ನುತ್ತಾರೆ. ಇಲ್ಲಿ ಒಂದೇ ತೂತು. ಬೆರಳಿನ ಬುಡದಂಥ ಕಿರಿದಾದ, ಬಾಗಿದ ಜಾಗದಲ್ಲಿ ಒಂದೇ ಹಲ್ಲು ತಾಗುವುದು ಮಾಮೂಲು. ಕಟ್ಟುಹಾವು ಕಚ್ಚಿದಾಗ ಎಷ್ಟೋ ಸಲ ಗುರುತೇ ಕಾಣುವುದಿಲ್ಲ.

ತ್ರಿಕೋನ ತಲೆ. ಬೆಕ್ಕುಕಣ್ಣಿನ ಹಾವು, ನೀರೊಳ್ಳೆ ಕೂಡ ಹೆದರಿದಾಗ ತಲೆಯನ್ನು ಚಪ್ಪಟೆ ಮಾಡಿ ತ್ರಿಕೋನ ಮಾಡಿಕೊಳ್ಳುತ್ತವೆ. ಪ್ರಾಣಕ್ಕೆ ಎರವಾಗುವ ಕಟ್ಟುಹಾವಿನ ತಲೆ ಕುತ್ತಿಗೆಯಷ್ಟೇ ಅಗಲ.

ಹಾದಿ ಮುಗಿದು ಊರ ಬದಿಯಲ್ಲಿ ರಾತ್ರಿ ತಂಗುವವರಿಗೆ ಈ ಕಟ್ಟುಹಾವಿನ ಗುರುತು ಹೆಚ್ಚು ಬೇಕು. ಕಪ್ಪು ಮೈಯ ಮೇಲೆ ಬಿಳಿ ಪಟ್ಟಿಗಳು ಕುತ್ತಿಗೆಯ ಹತ್ತಿರ ಮಸುಕಾಗಿ, ಬಾಲದ ಕಡೆ ಹೋದಂತೆ ಸ್ಪಷ್ಟವಾಗುತ್ತವೆ, ಬಹುಪಾಲು ಜೋಡಿಜೋಡಿಯಾಗಿ. ತೋಳಹಾವಿನಲ್ಲಿ ಇದು ತಿರುಗಾಮುರುಗ: ಪಟ್ಟಿ ಕುತ್ತಿಗೆಯ ಕಡೆ ಅಗಲ, ಹಿಂದೆ ಹೋದಂತೆ ಮಾಸುತ್ತದೆ. ಕಟ್ಟುಹಾವಿನ ಬೆನ್ನಿನ ನಡುಸಾಲಿನ ಹುರುಪೆಗಳು ಆರು ಮೂಲೆಯವು, ಪಕ್ಕದವಕ್ಕಿಂತ ದೊಡ್ಡವು. ಒಳ್ಳೆಯ ಫೋಟೊದಲ್ಲಿ ಇದು ಎದ್ದು ಕಾಣುತ್ತದೆ. ಸಂದೇಹವಿದ್ದರೆ ಕಟ್ಟುಹಾವೆಂದೇ ತಿಳಿದು ದೂರ ಇರಿ.

ಹಾದಿಯಿಂದ ಆಸ್ಪತ್ರೆಗೆ

ಜೀಪು ಬರುವ ಜಾಗ ಸುಮಾರು ಎರಡು ಕಿಲೋಮೀಟರ್. ಕಚ್ಚಿಸಿಕೊಂಡವನ ಮುಂಗೈಗೆ ಎರಡು ನೇರ ಕೋಲು ಇಟ್ಟು, ಬಟ್ಟೆಯಿಂದ ಸಡಿಲವಾಗಿ ಸುತ್ತಿ, ಶಾಲಿನಿಂದ ಕುತ್ತಿಗೆಗೆ ಜೋಲಿ ಕಟ್ಟಿದರು. ಕಟ್ಟಿನ ಅಡಿ ಒಂದು ಬೆರಳು ಸರಾಗವಾಗಿ ತೂರುವಷ್ಟು ಸಡಿಲ. ಇದರ ಉದ್ದೇಶ ಕೈ ಅಲುಗದಂತೆ ಇಡುವುದು ಮಾತ್ರ. ಕಾಲಿಗೆ ಕಚ್ಚಿದ್ದರೆ ಒಂದು ಹೆಜ್ಜೆಯೂ ನಡೆಸದೆ ಹೊತ್ತೇ ಒಯ್ಯಬೇಕಿತ್ತು. ಕೈಗೆ ಕಚ್ಚಿದ್ದರಿಂದ, ಕಡಿದಾದ ಜಾರು ಜಾಗಗಳಲ್ಲಿ ಹಿಡಿದು ನಿಧಾನಕ್ಕೆ ಇಳಿಸಿ, ಸಮತಟ್ಟಿನಲ್ಲಿ ಸರದಿಯ ಮೇಲೆ ಬೆನ್ನಿಗೆ ಹಾಕಿಕೊಂಡು ಹೋದರು. ಕತ್ತರಿಸಲಿಲ್ಲ, ಬಾಯಿಂದ ಹೀರಲಿಲ್ಲ, ಇಂಬಳಕ್ಕೆಂದು ಇಟ್ಟಿದ್ದ ಸುಣ್ಣವನ್ನು ಗಾಯಕ್ಕೆ ಹಚ್ಚಲೂ ಇಲ್ಲ. ಊತದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆದರು: 5:40ಕ್ಕೆ ಬೆರಳ ಬುಡ, 6:15ಕ್ಕೆ ಅಂಗೈ ಹಿಂಭಾಗ ಪೂರ್ತಿ. ಆಸ್ಪತ್ರೆಯಲ್ಲಿ ಈ ಎರಡು ಗೆರೆ ಒಂದು ಪುಟದ ವಿವರಣೆಗಿಂತ ಹೆಚ್ಚು ಕೆಲಸ ಮಾಡಿದವು.

ನೋವು ಜಾಸ್ತಿಯಾದಾಗ ಯಾರದ್ದೋ ಚೀಲದಲ್ಲಿ ಐಬುಪ್ರೊಫೆನ್ ಸಿಕ್ಕಿತು. ಕೊಡದಿದ್ದದ್ದು ಒಳ್ಳೆಯದಾಯಿತು. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ರಕ್ತಸ್ರಾವವನ್ನು ಹೆಚ್ಚಿಸಬಹುದು, ಮೂತ್ರಪಿಂಡಕ್ಕೂ ಹೊರೆ. ಈ ಹಾವಿನ ವಿಷ ಕೈಹಾಕುವುದೂ ಈ ಎರಡಕ್ಕೇ.

ಸಿಗ್ನಲ್ ಸಿಕ್ಕ ಕೂಡಲೇ 108ಕ್ಕೂ, ಊರಿನ ಜೀಪಿನವರಿಗೂ ಕರೆ ಹೋಯಿತು. ಜೊತೆಗೆ ಬೆಂಗಳೂರಿನ ಗೆಳೆಯನಿಗೂ. ಅಲ್ಲಿ ತಪ್ಪು ಬೆಳೆಯಿತು. ಫೋನಿನಲ್ಲಿ ಹೇಳಿದ್ದು "ಕೊಳಕುಮಂಡಲದ ಮರಿ ಕಚ್ಚಿದೆ" ಎಂದು. ಆ ಗೆಳೆಯ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಅದನ್ನೇ ಹೇಳಿದ. 7:50ಕ್ಕೆ ತಾಲ್ಲೂಕು ಆಸ್ಪತ್ರೆ ತಲುಪುವಷ್ಟರಲ್ಲಿ ಚೀಟಿಯ ಮೇಲೆ ಕೊಳಕುಮಂಡಲ ಎಂದು ಬರೆದಾಗಿತ್ತು. ಯಾರದೋ ಊಹೆ ಮೂರು ಬಾಯಿ ದಾಟಿ ದಾಖಲೆಯಾಯಿತು.

ಹೆಸರಿನಿಂದ ಏನು ವ್ಯತ್ಯಾಸ

ಭಾರತದಲ್ಲಿ ಸಿಗುವ ಹಾವಿನ ಪ್ರತಿವಿಷ ನಾಲ್ಕು ಹಾವುಗಳ ವಿಷದ ವಿರುದ್ಧ ತಯಾರಾದದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಅದಕ್ಕೆ ಬೇಕಾದ ವಿಷದ ದೊಡ್ಡ ಪಾಲು ಬರುವುದು ಹಾವು ಹಿಡಿಯುವುದರಲ್ಲಿ ಪಳಗಿದ ತಮಿಳುನಾಡಿನ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ. ಗೂನುಮೂಗಿನ ಗುಳಿಮಂಡಲ ಈ ನಾಲ್ಕರಲ್ಲಿ ಇಲ್ಲ, ಅದರ ವಿಷಕ್ಕೆ ಈ ಪ್ರತಿವಿಷ ಕೆಲಸ ಮಾಡುವುದಿಲ್ಲ. ಬಹಳ ಕಾಲ ಇದನ್ನು ನಮ್ಮಲ್ಲಿ ಯಾರೂ ದೊಡ್ಡದಾಗಿ ಎಣಿಸಿರಲಿಲ್ಲ. ಕೇರಳದಿಂದ 2007ರಲ್ಲಿ ವರದಿಯಾದ ಪ್ರಕರಣಗಳು, ಇದರ ಕಡಿತ ಪ್ರಾಣಕ್ಕೂ ಕುತ್ತು ತರಬಲ್ಲದೆಂದು ಭಾರತದಲ್ಲಿ ಖಚಿತಪಡಿಸಿದವು. ಅದಕ್ಕೂ ಮೊದಲು ಇಂಥ ಎಷ್ಟೋ ಕಡಿತಗಳು ಗರಗಸ ಮಂಡಲದ ಹೆಸರಿಗೆ ಹೋಗಿದ್ದವು.

ಹೆಚ್ಚಿನವರಲ್ಲಿ ಇದರ ಕಡಿತ ನೋವು, ಊತ, ಬೊಬ್ಬೆಗೆ ನಿಲ್ಲುತ್ತದೆ. ಕೆಲವರಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಕೆಡುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಮೂತ್ರಪಿಂಡದ ತೊಂದರೆ ಮೊದಲ ರಾತ್ರಿ ಕಾಣಲೇಬೇಕೆಂದಿಲ್ಲ. ಎರಡನೇ ಹೆಸರನ್ನು ನಂಬಿ "ಏನೂ ಆಗಲ್ಲ" ಎಂದು ಹೋಂಸ್ಟೇಯಲ್ಲಿ ಮಲಗಿದ್ದರೆ ಅಪಾಯವಿದ್ದದ್ದು ಇಲ್ಲಿ. ಮೊದಲ ಹೆಸರನ್ನೇ ನೆಚ್ಚಿಕೊಂಡಿದ್ದರೆ, ಕೆಲಸಕ್ಕೆ ಬಾರದ ಪ್ರತಿವಿಷವನ್ನು ಹತ್ತಾರು ಬಾಟಲಿ ಏರಿಸುವ ದಾರಿ ತೆರೆದುಕೊಳ್ಳುತ್ತಿತ್ತು. ಕುದುರೆಯ ರಕ್ತದಿಂದ ತಯಾರಾಗುವ ಈ ಔಷಧಿಗೆ ಅಲರ್ಜಿಯಾಗುವುದು ಅಪರೂಪವೇನಲ್ಲ. ಅಲರ್ಜಿ ಜೋರಾದರೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದನ್ನು ಸಿದ್ಧವಿಟ್ಟುಕೊಂಡೇ ಅದನ್ನು ಕೊಡುತ್ತಾರೆ.

ಅದೃಷ್ಟಕ್ಕೆ ಕರ್ತವ್ಯದಲ್ಲಿದ್ದ ವೈದ್ಯೆ ಚೀಟಿಗಿಂತ ರೋಗಿಯನ್ನು ನೋಡಿದರು. ಶುಭ್ರವಾದ ಒಣ ಗಾಜಿನ ಕೊಳವೆಗೆ 2 ಮಿಲಿಲೀಟರ್ ರಕ್ತ ಹಾಕಿ, 20 ನಿಮಿಷ ಅಲುಗಿಸದೆ ಇಟ್ಟು, ಒಮ್ಮೆ ಮಾತ್ರ ಬಾಗಿಸಿದರು. ರಕ್ತ ಗಟ್ಟಿಯಾಗಿ ಅಂಟಿಕೊಂಡಿತ್ತು. ಹರಿದಿದ್ದರೆ ವಿಷ ರಕ್ತಕ್ಕೆ ತಾಗಿದೆ ಎಂದರ್ಥ. ಕೊಳವೆ ಗಾಜಿನದ್ದೇ ಆಗಿರಬೇಕು, ಸೋಪಿನಿಂದ ತೊಳೆದದ್ದಾಗಲಿ ಪ್ಲಾಸ್ಟಿಕ್ಕಿನದ್ದಾಗಲಿ ತಪ್ಪು ಫಲ ಕೊಡುತ್ತದೆ. ಮೊದಲ ಮೂರು ಗಂಟೆ ಗಂಟೆಗೊಮ್ಮೆ, ಆಮೇಲೆ ಆರು ಗಂಟೆಗೊಮ್ಮೆ ಪರೀಕ್ಷೆ ಮುಂದುವರಿಯಿತು.

"ಹಾವು ಹೇಗಿತ್ತು ಹೇಳಿ, ಹೆಸರು ಬೇಡ" ಎಂದು ಅವರು ಕೇಳಿದಾಗ ಫೋಟೊ ಹೊರಬಂತು. ಮೂತಿ, ಗುಳಿ, ಎರಡು ಸಾಲು ಮಚ್ಚೆ. ಚೀಟಿ ತಿದ್ದಲಾಯಿತು. ಪ್ರತಿವಿಷ ಆರಂಭಿಸಲಿಲ್ಲ. ಡಯಾಲಿಸಿಸ್ ಇರುವ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಮರುದಿನ ಬೆಳಿಗ್ಗೆ ಕಳುಹಿಸಿ, ಮೂರು ದಿನ ಮೂತ್ರದ ಪ್ರಮಾಣವನ್ನೂ ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನಿನ್ ಅನ್ನೂ ನೋಡುತ್ತಾ ಇಟ್ಟುಕೊಂಡರು. ಊತ ಮೊಣಕೈ ಕೆಳಗೆ ನಿಂತಿತು, ಬೆರಳ ಬುಡದಲ್ಲಿ ಒಂದು ಬೊಬ್ಬೆ ಎದ್ದು ಆರಿತು. ಮೂತ್ರಪಿಂಡ ಸುರಕ್ಷಿತ.

ಪ್ರತಿವಿಷ ಕೊಡಬೇಕೋ ಬೇಡವೋ ಎಂಬ ತೀರ್ಮಾನ ಪೂರ್ತಿ ವೈದ್ಯರದ್ದು, ಫೋಟೊ ಅದಕ್ಕೊಂದು ಸಾಕ್ಷಿ ಮಾತ್ರ. ಹಾವು ಕಾಣದಿದ್ದರೂ, ಫೋಟೊ ಇಲ್ಲದಿದ್ದರೂ ಲಕ್ಷಣ ನೋಡಿ ಚಿಕಿತ್ಸೆ ನಡೆಯುತ್ತದೆ. ಆದ್ದರಿಂದ ಫೋಟೊಗಾಗಿ ಹುಡುಕುತ್ತಾ ಹತ್ತು ನಿಮಿಷ ಕಳೆಯುವುದು, ವಾಟ್ಸಾಪ್ ಗುಂಪಿಗೆ ಹಾಕಿ ಉತ್ತರಕ್ಕೆ ಕಾಯುವುದು ಎರಡೂ ತಪ್ಪು. ಕರ್ನಾಟಕದಲ್ಲಿ 2024ರ ಫೆಬ್ರುವರಿಯಿಂದ ಹಾವು ಕಡಿತ ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯ. ಹಾಗಾಗಿ ದಾಖಲೆಗೆ ಹೋಗುವ ಹೆಸರು ಸರಿಯಾಗಿದ್ದರೆ ಯಾವ ತಾಲ್ಲೂಕಿನಲ್ಲಿ ಯಾವ ಹಾವು ಎಷ್ಟು ಕಚ್ಚುತ್ತಿದೆ ಎಂಬ ಲೆಕ್ಕವೂ ಸರಿಯಾಗುತ್ತದೆ. ಪ್ರತಿವಿಷವಿಲ್ಲದ ಹಾವಿಗೆ ಪ್ರತಿವಿಷ ಬೇಕೆಂದು ಕೇಳಲು ಇಂಥ ಲೆಕ್ಕವೇ ಆಧಾರ.

ಆ ಬೇರಿನ ಮೇಲೆ ಕೂರದಿದ್ದರೆ

ಮಳೆಕಾಡಿನ ಹಾದಿಯಲ್ಲಿ ಕೈ ಊರುವುದಕ್ಕೆ ಇಂಬಳ ಒಂದು ದೊಡ್ಡ ಕಾರಣ. ಕಣ್ಣೆಲ್ಲ ಕಾಲ ಮೇಲೆ, ಕೈ ಎಲ್ಲೋ. ಇಂಬಳ ಕೀಳಬೇಕಾದರೆ ಹಾದಿಯ ನಡುವೆ, ತರಗಿಲ್ಲದ ಜಾಗದಲ್ಲಿ ನಿಂತು, ಒಂದು ಕಾಲನ್ನು ಕೆಳಗಿಟ್ಟ ಚೀಲದ ಮೇಲೆತ್ತಿ, ಇನ್ನೊಬ್ಬರ ಹೆಗಲು ಹಿಡಿದು ಕೀಳಿ. ಕೂರಲೇಬೇಕಾದರೆ ಬೋಳು ಬಂಡೆ ಆರಿಸಿ, ಅದರ ಸಂದು, ಹಿಂಬದಿ ನೋಡಿ, ಕೋಲಿನಿಂದ ಸುತ್ತ ತರಗನ್ನು ತಟ್ಟಿ. ಈ ಹಾವು ಸದ್ದಿಗೆ ಓಡುವ ಜಾತಿಯಲ್ಲ. ಬಣ್ಣವನ್ನು ನಂಬಿ ಕೂರುತ್ತದೆ, ಆದ್ದರಿಂದ ನೆಲ ಕುಟ್ಟುತ್ತಾ ನಡೆದರೆ ಕೇರೆ ಸರಿದೀತು, ಗುಳಿಮಂಡಲ ಸರಿಯದು. ಕಣ್ಣೇ ಕೆಲಸ ಮಾಡಬೇಕು. ಇಂಬಳದ ಕಾಲುಚೀಲ ತೆಳು ಬಟ್ಟೆ, ಹಲ್ಲನ್ನು ತಡೆಯುವುದಿಲ್ಲ. ಗೆಣ್ಣು ಮುಚ್ಚುವ ಬೂಟು, ದಪ್ಪ ಕಾಲುಚೀಲ ಬೇಕು. ಐದು ಗಂಟೆಯ ಮೇಲೆ ಚಪ್ಪರದ ಕೆಳಗೆ ಇಳಿಯುವುದಿದ್ದರೆ ತಲೆಗೆ ಕಟ್ಟುವ ಟಾರ್ಚನ್ನು ಕತ್ತಲಾಗುವ ಮೊದಲೇ ಹಚ್ಚಿ. ಮಬ್ಬಿನಲ್ಲಿ ಬೆಳಕಿನ ನೆರಳು ಬಿದ್ದಾಗಲೇ ಎಲೆಯಿಂದ ಸುರುಳಿ ಬೇರೆಯಾಗಿ ಕಾಣುವುದು.

ಬಿಡುಗಡೆಯಾದ ಐದನೇ ದಿನಕ್ಕೆ ಮತ್ತೆ ಕ್ರಿಯಾಟಿನಿನ್ ಪರೀಕ್ಷೆ ಬರೆದುಕೊಟ್ಟಿದ್ದರು. ಮೂತ್ರ ಕಡಿಮೆಯಾದರೆ, ಕೆಂಪಗಾದರೆ, ಮುಖ ಊದಿಕೊಂಡರೆ, ವಸಡಿನಲ್ಲಿ ರಕ್ತ ಬಂದರೆ ಆ ದಿನದವರೆಗೆ ಕಾಯದೆ ಬರಬೇಕೆಂದು ಚೀಟಿಯ ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿತ್ತು.